ನಮ್ಮೂರ ಅಗಸಿ ಕಂಡದ್ದೇ ತಪ್ಪಾಯಿತು

ಇಂದು ಮುಂಜಾನೆ ಮಗಳ ಕೆಮ್ಮಿಗೆಂದು ತಂದ ಔಷಧಿ ಬಾಟಲಿಯ ಮುಚ್ಚಳ ತಿರುವಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಗ್ಗಾಂವಿ ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಅಕ್ಕೋರು ನೆನಪಾದರು. ಇಂಥದೇ ಬಾಟಲಿಯನ್ನು ತಿಕ್ಕಿ ತೊಳೆದು, ಬೆಲ್ಲದ ನೀರು ತುಂಬಿ ನಮ್ಮ ಕೈಗೆ ಕೊಟ್ಟಿದ್ದರು. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ...

ಊರ ಹುಡುಗರು ಕೆರೆ ದಂಡೆಯಲ್ಲಿ ಕೂತು ನಶೆಗಾಗಿ ಕೆಮ್ಮಿನ ಔಷಧಿಯನ್ನು ಬಾಟಲಿಗಟ್ಟಲೆ ಕುಡಿಯುತ್ತಿದ್ದ ಕಾಲ ಅದು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯ ಗೋಡೆಗೆ ನಶೆ ಬೇಡವೆಂಬ ಒಂದು ಪೋಸ್ಟರ್ ಅಂಟಿಸಿ ಕೈತೊಳೆದುಕೊಂಡಿದ್ದರು.

"ಗ್ವಾಡಿ ಯಾರ್ ನೋಡ್ತಾರ? ಹುಡುಗರ ಕಣ್ಣು ಫೋನಿನ್ಯಾಗ ಐತಿ. ನಾವೂ ಅಲ್ಲೇ ಹೋಗೂಣು," ಎಂದ ಅಕ್ಕೋರು ಹತ್ತನೇ ತರಗತಿಯ ನಮ್ಮನ್ನು ಕಟ್ಟಿಕೊಂಡು ತಮ್ಮ ಫೋನಿನಲ್ಲೇ ಒಂದು ಪುಟ್ಟ ವಿಡಿಯೋ ಮಾಡಿದರು. ಆ ಬೆಲ್ಲದ ನೀರಿನ ಬಾಟಲಿ ಅದಕ್ಕೇ. ಅದರಲ್ಲಿ ನನ್ನದು ಕುಡಿಯುವ ಹುಡುಗನ ಅಕ್ಕನ ಪಾತ್ರ. ಪುಸ್ತಕದ ಭಾಷೆ ಬೇಡ, ಮನೆಯಲ್ಲಿ ಬೈಯುವಂತೆಯೇ ಬೈ ಎಂದಿದ್ದರು. ಬೈದದ್ದೇ ಬೈದದ್ದು.

ಅದಕ್ಕೆಂದೇ ತೆರೆದ ಪೇಜಿನಿಂದ ವಿಡಿಯೋ ಹಾನಗಲ್, ಹಿರೇಕೆರೂರಿನವರೆಗೂ ಓಡಾಡಿತು. ಒಂದು ದಿನ ಹೆಸರು ಹೇಳದ ಹುಡುಗನೊಬ್ಬ ಆ ಪೇಜಿಗೆ ಬರೆದ: "ನಾನೂ ಇದ ಊರಾಂವರಿ. ಬಿಡಬೇಕಂತೇನಿ, ಬಿಡಾಕ ಆಗವಲ್ದು." ಅಕ್ಕೋರು ದಿನಾ ಅವನಿಗೆ ಉತ್ತರ ಬರೆಯುತ್ತಿದ್ದರು. ಇನ್ನೇನು ಭೇಟಿಯಾಗಲು ಒಪ್ಪುವವನಿದ್ದ...

ಅಷ್ಟರಲ್ಲಿ ನಮ್ಮ ಓಣಿಯ ಹಿರಿಯರಾದ ಕಾಕಾ ಅವರಿಗೆ, ಮಗನಿಗೆ ಹೆಣ್ಣು ಕೊಡಬೇಕಿದ್ದವರು ಫೋನು ಹಚ್ಚಿ, ನಿಮ್ಮೂರಲ್ಲಿ ಇದೆಲ್ಲ ಇದೆಯೇ ಎಂದು ಕೇಳಿದರಂತೆ. ಊರ ಹೆಬ್ಬಾಗಿಲು, ನಮ್ಮ ಅಗಸಿ, ವಿಡಿಯೋದಲ್ಲಿ ನಿಚ್ಚಳವಾಗಿ ಕಂಡಿತ್ತು. ಮುಗಿಯಿತು. ಕೆರೆಯ ಹೂಳು ತೆಗೆಸಲು ಎಂದೂ ಕೂಡದ ಹಿರಿಯರು ಅಂದು ಶಾಲೆಯ ಪಡಸಾಲೆಯಲ್ಲಿ ಒಗ್ಗಟ್ಟಾಗಿ ಕೂಡಿದರು. ಹುಡುಗರು ಕುಡಿದಾಗ ಹೋಗದ ಊರ ಮಾನ, ತೋರಿಸಿದಾಗ ಹೋಯಿತಂತೆ. ಏನು ಮಾನವೋ!

"ಊರಿಗೆ ಹೆಣ್ಣು ಕೊಡೋರು ಬೇಕೋ ಬ್ಯಾಡೋ? ಪೇಜ್ ಬಂದ್ ಮಾಡ್ರಿ," ಎಂದರು ಕಾಕಾ.

ವಿಡಿಯೋ ತೆಗೆಯುತ್ತೇನೆ, ಪೇಜು ಮಾತ್ರ ಇರಲಿ, ಒಬ್ಬ ಹುಡುಗನಿಗೆ ನನ್ನೊಡನೆ ಮಾತಾಡಲು ಬೇರೆ ದಾರಿಯಿಲ್ಲ ಎಂದು ಅಕ್ಕೋರು ಬೇಡಿಕೊಂಡರು. ಯಾರವನು, ಹೆಸರು ಹೇಳಿ ಎಂದರು ಇವರು. ಹೆಸರು ಅಕ್ಕೋರಿಗೂ ಗೊತ್ತಿರಲಿಲ್ಲ. ತಮ್ಮ ಕಣ್ಣೆದುರೇ ಎಲ್ಲವನ್ನೂ ಅಕ್ಕೋರ ಕೈಯಿಂದಲೇ ಅಳಿಸಿಹಾಕಿಸಿ ಹಿರಿಯರು ಎದ್ದುಹೋದರು. ವರ್ಗವಾಗಿ ಹೋಗುವತನಕ ಅಕ್ಕೋರು ಬಸ್ ಸ್ಟ್ಯಾಂಡಿನಲ್ಲಿ, ಕೆರೆ ದಂಡೆಯಲ್ಲಿ, ಎದುರಾದ ಹುಡುಗರ ಮುಖವನ್ನೆಲ್ಲ ಹುಡುಕುವಂತೆ ನೋಡುತ್ತಿದ್ದರು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಊರ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು ಬಂದವು. ಇಂದು ಅದೇ ಗುಂಪಿಗೆ ಅದೇ ಕಾಕಾ ಯಾವುದೋ ದೊಡ್ಡ ಪಟ್ಟಣದ ವಿಡಿಯೋ ಕಳಿಸಿದ್ದಾರೆ, ಯುವಕರೇ ನಶೆಯಿಂದ ದೂರವಿರಿ ಎಂದು. ಎಲ್ಲರೂ ಹೆಬ್ಬೆರಳೆತ್ತಿ ಮೆಚ್ಚಿದ್ದಾರೆ. ಅದರಲ್ಲಿ ನಮ್ಮ ಅಗಸಿ ಇಲ್ಲವಲ್ಲ.

ಮಗಳಿಗೆ ಔಷಧಿ ಕುಡಿಸಿ, ಬಾಟಲಿ ಎತ್ತಿಟ್ಟು, ಕಾಕಾ ಕಳಿಸಿದ ವಿಡಿಯೋದ ಕೆಳಗೆ ಬರೆದೆ: "ಕಾಕಾ, ಅಕ್ಕೋರಿಗೆ ಬರೀತಿದ್ದ ಆ ಹುಡುಗ ಏನಾದನ್ರಿ?"

ಎಲ್ಲರೂ ಓದಿದ್ದಾರೆಂದು ಫೋನು ತೋರಿಸುತ್ತಿದೆ.