ಬೆಂಗ್ರೆಯ ಬಾವಿಯೊಳಗಿನ ಮೂರು ಜಾಯಿಂಟು

ಸತ್ತವರು ತಿರುಗಿ ಬರುತ್ತಾರೆ ಎನ್ನುವವರ ಜೊತೆ ನಾನು ಒಂದು ಕಾಲದಲ್ಲಿ ಜಗಳಕ್ಕೇ ನಿಲ್ಲುತ್ತಿದ್ದೆ. ಕರೆಂಟಿನ ಕೆಲಸದವನಿಗೆ ಕಣ್ಣಿಗೆ ಕಾಣದ್ದರ ಭಯ ಇದ್ದೇ ಇರುತ್ತದೆ, ಆದರೆ ಆ ಭಯಕ್ಕೂ ಒಂದು ಅಳತೆ ಇರುತ್ತದೆ. ಮೀಟರಿನ ಮುಳ್ಳು ಅಲ್ಲಾಡಿದರೆ ಇದೆ, ಅಲ್ಲಾಡದಿದ್ದರೆ ಇಲ್ಲ. ಈಗಲೂ ಪ್ರೇತವನ್ನು ನಂಬುತ್ತೇನೆ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೆ ಏನಾದರೂ ಹೊಳೆದರೆ ಒಳ್ಳೆಯದು.

ಅದು ಎಪ್ಪತ್ತರ ದಶಕದ ಕೊನೆ. ಗೇಣಿ ಕಾನೂನಿನಲ್ಲಿ ನಮ್ಮ ಮನೆಯ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ನಾನು ಮಂಗಳೂರಿಗೆ ಬಂದು ಒಬ್ಬ ಕಂಟ್ರಾಕ್ಟರರ ಕೈಕೆಳಗೆ ವಯರ್‌ಮನ್ ಆಗಿದ್ದೆ. ಶೆಟ್ಟರ ಮನೆಯವನು ಕಂಬ ಹತ್ತುತ್ತಾನೆ ಎಂದು ಊರಲ್ಲಿ ನಗುತ್ತಿದ್ದರಂತೆ. ನಗಲಿ. ನನಗೆ ಕೆಲಸ ಕಲಿಸಿದವರು ಮೋನಾಕ ಎಂಬ ಬ್ಯಾರಿ ಮುಸಲ್ಮಾನರು. ಮನೆ ಬಂದರಿನ ಬದಿಯಲ್ಲಿ, ವಯಸ್ಸು ಐವತ್ತು ದಾಟಿತ್ತು, ಮಾತು ಬಹಳ ಕಡಿಮೆ. ನೀರೊಳಗೆ ಇರಬೇಕಾದ ವಯರಿಗೆ ಜಾಯಿಂಟ್ ಹಾಕುವುದರಲ್ಲಿ ಅವರಂಥವರನ್ನು ನಾನು ಮತ್ತೆ ನೋಡಲಿಲ್ಲ.

ತಾಮ್ರದ ಎಳೆಗಳನ್ನು ಹೆಣೆದು ಬೆಸುಗೆ ಹಾಕಿದ ಮೇಲೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಬೇಕು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಅದರ ಮೇಲೆ ಬಟ್ಟೆಯ ಟೇಪು. ಇಷ್ಟನ್ನು ಎಲ್ಲರೂ ಮಾಡುತ್ತಿದ್ದರು. ಮೋನಾಕ ಅದರ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು, ಹೊಳೆಯಾಚೆ ಬೆಂಗ್ರೆಯ ಮೀನುಗಾರರು ದೋಣಿಗೆ ಬಳಿಯುವಂಥದ್ದೇ. ಚರ್ಮಕ್ಕೆ ತಾಗಿದರೆ ಅದು ಸುಡುತ್ತದೆ, ಹಾಗಾಗಿ ನಾನು ಆ ಸೀಸೆಯ ತಂಟೆಗೆ ಹೋಗುತ್ತಿರಲಿಲ್ಲ. ಕೊನೆಗೆ ಜಾಯಿಂಟನ್ನು ಬಕೆಟಿನ ಉಪ್ಪುನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಕೈಯಿಂದ ತಿರುಗಿಸುವ ಮೆಗ್ಗರ್ ಎಂಬ ಮೀಟರನ್ನು ಹಚ್ಚಿ, ಕರೆಂಟು ಸೋರುತ್ತದೆಯೋ ಎಂದು ನೋಡುತ್ತಿದ್ದರು. ಆ ಒಂದು ಗಂಟೆ ಅವರು ಬಕೆಟಿನ ಬದಿಯಿಂದ ಏಳುತ್ತಿರಲಿಲ್ಲ. ಎಲ್ಲ ಕೆಲಸವೂ ಎಡಗೈಯಲ್ಲೇ. ನಮ್ಮ ಟೇಪು ಒಂದು ಕಡೆಗೆ ಸುತ್ತಿದರೆ ಅವರದು ಇನ್ನೊಂದು ಕಡೆಗೆ. ಹತ್ತು ಜಾಯಿಂಟಿನ ನಡುವೆ ಇಟ್ಟರೂ ಅವರದನ್ನು ನಾನು ಹೆಕ್ಕಿ ಕೊಡುತ್ತಿದ್ದೆ.

ಆ ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ಮೋನಾಕ ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತು, ಐಸಿಗೆ ಅವಸರ. ಬೆಂಗ್ರೆಯ ಒಂದು ಐಸ್ ಪ್ಲಾಂಟಿನ ಬಾವಿಗೆ ಹೊಸ ಪಂಪು ಇಳಿಸಲು ಈ ಸಲ ನಾನೊಬ್ಬನೇ ಹೋದೆ. ನೀರಿನಲ್ಲಿ ಮುಳುಗಿಯೇ ಓಡುವ ಪಂಪು ಅದು, ಮೂರು ವಯರಿನ ಮೂರು ಜಾಯಿಂಟೂ ನೀರೊಳಗೇ ಇರಬೇಕು. ತುಂತುರು ಮಳೆ ಬಿಡುತ್ತಿರಲಿಲ್ಲ. ಕೈ ಒರಸಿದಷ್ಟೂ ಒದ್ದೆ. ಒದ್ದೆ ಕೈಯಲ್ಲಿ ಸುತ್ತಿದರೆ ಟೇಪು ಸರಿಯಾಗಿ ಹಿಡಿಯುವುದಿಲ್ಲ, ನೀರು ದಾರಿ ಮಾಡಿಕೊಳ್ಳುತ್ತದೆ, ಕರೆಂಟು ಬಾವಿಯ ನೀರಿಗೇ ಸೋರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸುತ್ತಿ ಮುಗಿಸುವಷ್ಟರಲ್ಲಿ ದೋಣಿಯಿಂದ ಇಳಿದು ಬಂದ ಒಬ್ಬ, ಮೋನಾಕರಿಗೆ ಬಹಳ ಕಷ್ಟವಂತೆ, ನಿಮ್ಮನ್ನು ಕೇಳುತ್ತಿದ್ದಾರಂತೆ ಎಂದ. ಉಪ್ಪುನೀರಿನ ಬಕೆಟು ಪಕ್ಕದಲ್ಲೇ ಇತ್ತು, ಚೀಲದಲ್ಲಿ ಮೆಗ್ಗರ್ ಇತ್ತು. ನಾನು ಎರಡನ್ನೂ ಬಿಟ್ಟು ಪಂಪನ್ನು ನೇರ ಬಾವಿಗೆ ಇಳಿಸಿ ಸ್ವಿಚ್ ಹಾಕಿದೆ. ನೀರು ಬಂತು.

ಬಾವಿಕಟ್ಟೆಯ ಮೇಲೆ ಬಾಬಣ್ಣ ಕೂತಿದ್ದ. ಬಾವಿಗಳ ಹೂಳು ತೆಗೆಯುವುದು ಅವನ ಕೆಲಸ. ಪಂಪು ನೀರು ಎಳೆಯುತ್ತಿರುವಾಗಲೇ ಕೆಳಗೆ ಇಳಿದು ಮರಳು ತೆಗೆಯಬೇಕು, ಅದು ಮರುದಿನ ಬೆಳಗ್ಗೆಗೆ ನಿಗದಿಯಾಗಿತ್ತು.

"ನಾಳೆ ಇಳಿಯುವವ ನಾನು. ಎಲ್ಲ ಸರಿ ಉಂಟಲ್ಲ ಶೆಟ್ರೇ?" ಎಂದು ಕೇಳಿದ.

"ಸರಿ ಉಂಟು," ಎಂದೆ.

ಹೊಳೆ ದಾಟಿ ಆಸ್ಪತ್ರೆ ತಲುಪುವಾಗ ನಾಲ್ಕು ಗಂಟೆ. ಮೋನಾಕರ ಕಣ್ಣು ಮುಚ್ಚಿತ್ತು, ಎಡಗೈಯ ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಸುತ್ತುತ್ತಲೇ ಇದ್ದವು. ಮಧ್ಯಾಹ್ನದಿಂದ ಹೀಗೆಯೇ ಎಂದು ಅವರ ಹೆಂಡತಿ ಹೇಳಿದರು. ನಾನು ಕೈ ಹಿಡಿದಾಗ ಕಣ್ಣು ತೆರೆದರು. ಬೆಂಗ್ರೆಯ ಕೆಲಸಕ್ಕೆ ನಾನು ಹೋಗುತ್ತೇನೆ ಎಂದು ಅವರಿಗೆ ಮೊದಲೇ ಗೊತ್ತಿತ್ತು.

"ಬಕೆಟಿಗೆ ಹಾಕಿದ್ದೀಯಾ?"

"ಹಾಕಿದ್ದೇನೆ."

"ಮುಳ್ಳು ಎಂತ ಹೇಳಿತು ಮಾರಾಯ?"

"ಒಳ್ಳೆದುಂಟು ಮೋನಾಕ. ನೀವು ಮಲಗಿ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿದರು. ಬೆರಳುಗಳು ಮತ್ತೆ ಸುತ್ತತೊಡಗಿದವು. ಕತ್ತಲಾಗುವ ಮೊದಲು ಅವು ನಿಂತವು.

ಆಮೇಲೆ ನನಗೆ ಬಾವಿಯ ನೆನಪೇ ಬರಲಿಲ್ಲ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಮರುದಿನ ಬೆಳಗ್ಗೆ ಮೋನಾಕರ ದಫನದ ಹೊತ್ತಿಗೆ, ಮಣ್ಣು ಹಾಕಲು ಬಾಗಿದಾಗ, ಬಾಬಣ್ಣ ನೆನಪಾದ. ಕೈಯ ಮಣ್ಣನ್ನು ಅಲ್ಲೇ ಬಿಟ್ಟು ಓಡಿದೆ. ನೋಡಿದವರು ಏನೆಂದುಕೊಂಡರೋ. ದೋಣಿಯಲ್ಲಿ ಕೂತಾಗಲೇ, ಒಬ್ಬ ಬಡಪಾಯಿಯನ್ನು ನಾನೇ ಕೈಯಾರೆ ಕೊಂದಿದ್ದೇನೆ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಬಾಬಣ್ಣ ಸೊಂಟದವರೆಗಿನ ನೀರಿನಲ್ಲಿ ನಿಂತು ಬುಟ್ಟಿಗೆ ಮರಳು ತುಂಬಿಸುತ್ತಿದ್ದ. ಪಂಪು ಓಡುತ್ತಿತ್ತು. "ಎಂತ ಶೆಟ್ರೇ, ಓಡಿಕೊಂಡು ಬಂದದ್ದು?" ಎಂದು ಕೆಳಗಿನಿಂದಲೇ ಕೇಳಿದ. ನಾನು ಸ್ವಿಚ್ ತೆಗೆದು, ಅವನನ್ನು ಹತ್ತಿಸಿ, ನಾಲ್ಕು ಜನರನ್ನು ಕರೆದು ಪಂಪನ್ನು ಮೇಲಕ್ಕೆ ಎಳೆಸಿದೆ.

ಮೂರೂ ಜಾಯಿಂಟಿನ ಟೇಪು ಎಡಗೈಯ ಸುತ್ತಾಗಿತ್ತು. ಮೇಲೆ ಗೇರುಬೀಜದ ಎಣ್ಣೆ ಬಳಿದಿತ್ತು, ಇನ್ನೂ ಕೈಗೆ ಅಂಟುತ್ತಿತ್ತು. ಆ ಎಣ್ಣೆಯ ಸೀಸೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕಂಟ್ರಾಕ್ಟರರ ಅಂಗಡಿಯ ಕಪಾಟಿನಲ್ಲಿತ್ತು, ನಾನು ಅದನ್ನು ಬೆಂಗ್ರೆಗೆ ತಂದೇ ಇರಲಿಲ್ಲ. ಚಾಕು ಹಾಕಿ ಒಂದೊಂದನ್ನೂ ಬಿಚ್ಚಿದೆ. ಒಳಗೆ ಒಂದು ಹನಿ ನೀರಿಲ್ಲ, ತಾಮ್ರ ಹೊಸದರಂತೆ ಹೊಳೆಯುತ್ತಿತ್ತು.

ನಾನು ಹೋದ ಮೇಲೆ ಯಾರಾದರೂ ಬಂದಿದ್ದರೇ ಎಂದು ಪ್ಲಾಂಟಿನ ಆಪರೇಟರನ್ನು ಕೇಳಿದೆ.

"ಯಾರೂ ಬರಲಿಲ್ಲ. ನಿನ್ನೆಯಿಂದ ಪಂಪು ನಿಂತದ್ದೇ ಇಲ್ಲ, ನಾನು ಇಲ್ಲೇ ಇದ್ದೇನೆ," ಎಂದ.

ಪಂಪು ನಿಲ್ಲಿಸದೆ, ಮೇಲೆ ಎಳೆಯದೆ ಆ ಜಾಯಿಂಟನ್ನು ಮುಟ್ಟಲು ಯಾರಿಗೂ ಸಾಧ್ಯವಿಲ್ಲ. ಅವಸರದಲ್ಲಿ ಮೈಮರೆತು ನಾನೇ ಹಾಗೆ ಸುತ್ತಿರಬಹುದೇ ಎಂದೂ ಯೋಚಿಸಿದ್ದೇನೆ. ಮನೆಯಲ್ಲಿ ಕೂತು ಎಡಗೈಯಲ್ಲಿ ಎಷ್ಟೋ ಸಲ ಪ್ರಯತ್ನಿಸಿದೆ. ಬರೀ ಸಡಿಲ, ಬರೀ ಸುಕ್ಕು. ಹಾಗೆಂದೇ ಇಟ್ಟುಕೊಂಡರೂ ಆ ಎಣ್ಣೆ ಎಲ್ಲಿಂದ ಬಂತು? ಬಿಚ್ಚುವಾಗ ತಾಗಿ ನನ್ನ ಹೆಬ್ಬೆರಳಿನ ಚರ್ಮ ಸುಲಿದುಹೋಗಿ, ವಾಸಿಯಾಗಲು ಹದಿನೈದು ದಿನ ಹಿಡಿಯಿತು. ಅದನ್ನು ಭ್ರಮೆ ಎನ್ನಲು ಆಗುವುದಿಲ್ಲ.

ಅವತ್ತು ಮೂರನ್ನೂ ಮತ್ತೆ ಸುತ್ತಿ, ಬಕೆಟಿನಲ್ಲಿಟ್ಟು, ಒಂದು ಗಂಟೆ ಪಕ್ಕದಲ್ಲೇ ಕೂತೆ. ಬಾಬಣ್ಣ ಗೊಣಗುತ್ತಾ ಕಾದು ಆಮೇಲೆ ಇಳಿದ. ಅವನಿಗೆ ನಾನು ಏನನ್ನೂ ಹೇಳಲಿಲ್ಲ. ಮೋನಾಕರ ಹೆಂಡತಿಗಾದರೂ ಹೇಳೋಣ ಎಂದು ಒಂದು ಸಲ ಅವರ ಮನೆಗೆ ಹೋದವನು ಚಹಾ ಕುಡಿದು ಎದ್ದು ಬಂದೆ.

ಯಾರು ಸುತ್ತಿದರು, ಹೇಗೆ ಸುತ್ತಿದರು, ನನಗೆ ಈಗಲೂ ಗೊತ್ತಿಲ್ಲ. ಬಾಬಣ್ಣ ಉಳಿದ, ಅದೊಂದು ಸಮಾಧಾನ. ಆದರೆ ಅದು ಮೋನಾಕರೇ ಮಾಡಿದ್ದು ಹೌದಾದರೆ, ಆ ಸಂಜೆ ನಾನು ಹೇಳಿದ್ದನ್ನು ಅವರು ನಂಬಿರಲಿಲ್ಲ. ಕೈ ಹಿಡಿದು ಕೆಲಸ ಕಲಿಸಿದ ಮನುಷ್ಯ, ನಾನು ಸುಳ್ಳು ಹೇಳಿದೆ ಎಂದು ತಿಳಿದುಕೊಂಡೇ ಸತ್ತರು.