ಒಂಬತ್ತಾಣೆಯ ನಿಜವಾದ ಬೆಲೆ

ಕದಿರೇಶ ಮಾಲೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ೧೯೪೪ರಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗ, ಕೂಲಿ ಸಾಲದೆಂದು ಆಳುಗಳೆಲ್ಲ ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತರು. ಯಜಮಾನರು ಪೊಲೀಸರಿಗೆ ಹೇಳಿಕಳಿಸಿ ಹೊರಗೆ ಬಂದರು.

"ಯುದ್ಧಕ್ಕೆ ಮುಂಚೆ ದಿನಕ್ಕೆ ಆರಾಣೆ ಕೊಡ್ತಿದ್ದೆ, ಈಗ ಒಂಬತ್ತಾಣೆ. ಇನ್ನೇನು ಬೇಕು? ಲೇ ಕದಿರೇಶ, ಲೆಕ್ಕ ಬಿಡಿಸಿ ಹೇಳೋ ಇವ್ರಿಗೆ!"

ಕದಿರೇಶ ಮುಂದೆ ಬಂದ. ಲೆಕ್ಕ ಬಿಡಿಸಿಯೇ ಹೇಳಿದ.

"ಸ್ವಾಮಿ, ಒಂದು ಸಂಸಾರಕ್ಕೆ ಬೇಕಾದ ರಾಗಿ, ಉಪ್ಪು, ಎಣ್ಣೆ, ಬಟ್ಟೆ ಎಲ್ಲಾ ಸೇರಿ ಆಗ ನೂರು ಅಂತ ಇಟ್ಕೊಂಡ್ರೆ, ಅಷ್ಟೇ ಸಾಮಾನಿಗೆ ಈಗ ಇನ್ನೂರು ಆಗೈತೆ. ಈವತ್ತಿನ ಒಂಬತ್ತಾಣೆ ಅಂದ್ರೆ ಅವತ್ತಿನ ನಾಲ್ಕೂವರೆ ಆಣೆ. ಕೂಲಿ ಏರಿಲ್ಲ, ಇಳಿದೈತೆ. ಆರಾಣೆಗೆ ಸಮ ಆಗ್ಬೇಕಂದ್ರೆ ಹನ್ನೆರಡಾಣೆ ಬೇಕು."



"ಯಾರ ಅನ್ನ ತಿಂತಿದೀಯೋ ನೀನು?" ಯಜಮಾನರು ಕೈಯೆತ್ತಿ ಮುನ್ನುಗ್ಗಿದರು. ಮಣ್ಣು ತುಳಿಯುವ ಆಂಜಿನಮ್ಮ ಎದ್ದು ನಡುವೆ ಬಂದು ನಿಂತಳು.

"ಆವಯ್ಯನ್ನ ಮುಟ್ಬೇಡಿ, ಧಣಿ."

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು.

ಪೊಲೀಸರು ಬಂದು ಹೋದ ಮೇಲೆ ಮಾತುಕತೆ ನಡೆದು ಕೂಲಿ ಹನ್ನೊಂದಾಣೆಯಾಯಿತು. ಕದಿರೇಶನ ಕೆಲಸ ಮಾತ್ರ ಹೋಯಿತು. ಹೆಂಡತಿ ಅಶ್ವತ್ಥಮ್ಮ ಎಷ್ಟೋ ದಿನ ಅವನೊಂದಿಗೆ ಮಾತಾಡಲಿಲ್ಲ. ಅವನು ಅವಳನ್ನು ಕರೆದುಕೊಂಡು ಯಲ್ದೂರಿಗೆ ಹೋಗಿ, ಮಾವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಹೊಸದಾಗಿ ಸಂಸಾರ ಹೂಡಿದ.