ಹನ್ನೊಂದನೇ ದಿನದ ಕಾಗೆ

ಅಮ್ಮ ತೀರಿಕೊಂಡ ಹನ್ನೊಂದನೇ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಅತ್ತಿದ್ದನ್ನು ಎಲ್ಲರೂ ನೋಡಿದ್ದಾರೆ. ನಕ್ಕಿದ್ದನ್ನು ಹೇಳದಿದ್ದರೆ ಅಮ್ಮನ ವಿಷಯದಲ್ಲಿ ಅರ್ಧ ಸುಳ್ಳು ಹೇಳಿದ ಹಾಗೆ.

ನಮ್ಮದು ಕಾಮಾಕ್ಷಿಪಾಳ್ಯದಲ್ಲಿ ಇಪ್ಪತ್ತು ಮೂವತ್ತರ ಸೈಟಿನ ಮನೆ. ಅಪ್ಪ ಕಟ್ಟಿಸಿದ್ದು, ಅಮ್ಮನ ಹೆಸರಿನಲ್ಲಿತ್ತು. ಅಕ್ಕ ನಂದಿನಿ ಲೇಔಟಿನಲ್ಲಿದ್ದಾಳೆ, ಅಣ್ಣ ವಿಜಯನಗರದಲ್ಲಿ. ಕೊನೆಯವಳು ನಾನು. ಗಂಡನ ಮನೆ ಬಿಟ್ಟು ಬಂದ ಮೇಲೆ ಹದಿನಾಲ್ಕು ವರ್ಷ ಅಮ್ಮನ ಜೊತೆಗೇ ಇದ್ದೆ. ಎರಡು ರಸ್ತೆ ಆಚೆ ಗಾರ್ಮೆಂಟ್ಸ್‌ನಲ್ಲಿ ಷರ್ಟಿನ ಕಾಲರ್ ಹೊಲಿಯುತ್ತೇನೆ. ಅಮ್ಮ ವಿಲ್ ಬರೆದಿರಲಿಲ್ಲ. ಕೇಳಿದರೆ, "ಯಾಕೆ, ಈಗ್ಲೇ ಸಾಯ್ತೀನಾ ನಾನು?" ಎಂದು ಜೋರು ಮಾಡುತ್ತಿದ್ದಳು.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದವರು ಕಾಲು ತೊಳೆಯುವ ಮೊದಲೇ ಜಗಳ ಹಿಡಿದರು. ಮನೆ ಮಾರಿ ಮೂರು ಪಾಲು ಮಾಡೋಣ ಎಂದ ಅಣ್ಣ. ಮಾರುವುದಕ್ಕೆ ಅಕ್ಕನ ಅಡ್ಡಿ ಇರಲಿಲ್ಲ, ಆದರೆ ನೀರು ಕಾಯಿಸುವ ತಾಮ್ರದ ಹಂಡೆ ಹೆಣ್ಣುಮಕ್ಕಳಿಗೇ ಬರಬೇಕು ಎಂದಳು. ಐದನೇ ದಿನ ಬೆಳಿಗ್ಗೆ ಅಣ್ಣ ಆ ಹಂಡೆಯನ್ನು ಆಟೋದಲ್ಲಿ ಸಾಗಿಸಿಯೇಬಿಟ್ಟ. ಹಂಡೆ ಹಿಂದಿನ ಸೀಟಿನಲ್ಲಿ ಯಜಮಾನತಿಯ ಹಾಗೆ ಕೂತಿತ್ತು. ಅಣ್ಣ ಡ್ರೈವರ್ ಪಕ್ಕದಲ್ಲಿ ಅರ್ಧ ಹೊರಗೆ ನೇತಾಡಿಕೊಂಡು ಹೋದ. ಇದರ ನಡುವೆ ಅಮ್ಮನ ಕಿವಿಯ ಓಲೆ ಕಾಣೆಯಾಗಿತ್ತು. ಆಸ್ಪತ್ರೆಯ ಆಯಾನೇ ಹೊಡೆದಿರಬೇಕು ಎಂದು ಮೂವರೂ ಸೇರಿ ಬೈದೆವು. ಆ ಹತ್ತು ದಿನದಲ್ಲಿ ನಾವು ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

ಮನೆ ಮಾರಿದರೆ ನಾನು ಎಲ್ಲಿ ಇರಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ರಾತ್ರಿ ಅಮ್ಮನ ದಿಂಬಿಗೆ ಹೇಳಿಕೊಂಡೆ, ಅಷ್ಟೆ.

ಹನ್ನೊಂದನೇ ದಿನದ ತಿಥಿಗೆ ಕೆಂಗೇರಿಯಿಂದ ಸೋದರಮಾವ ಬಂದರು, ಅಮ್ಮನ ತಮ್ಮ. ಕೆಳಗೆ ರಸ್ತೆಗೆ ಶಾಮಿಯಾನ ಹಾಕಿಸಿ ನೆಂಟರನ್ನೆಲ್ಲ ಕೂರಿಸಿದ್ದೆವು. ಮಾವ ನಮ್ಮ ಮೂವರನ್ನು ತಾರಸಿಗೆ ಹತ್ತಿಸಿದರು. ಬಾಳೆ ಎಲೆಯಲ್ಲಿ ಅಮ್ಮನಿಗೆ ಇಷ್ಟವಾದದ್ದೆಲ್ಲ ಬಡಿಸಿದೆವು: ಮುದ್ದೆ, ಅವರೆಕಾಳು ಸಾರು, ವಡೆ, ಕಜ್ಜಾಯ. ನಾನು ಅವಳ ಸ್ಟೀಲ್ ಲೋಟದಲ್ಲಿ ಕಾಫಿ, ಜೊತೆಗೊಂದು ರಸ್ಕ್ ತಂದಿದ್ದೆ. ಕಾಗೆ ಬಂದು ಎಡೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಅವರಿಗೆ ಏನೋ ಕೊರಗು ಉಳಿದಿದೆ ಎಂದು ಅರ್ಥ. ಮುಟ್ಟುವವರೆಗೂ ಕೆಳಗೆ ಯಾರೂ ಊಟಕ್ಕೆ ಕೂರುವಂತಿಲ್ಲ.

"ಕಾ... ಕಾ..." ಎಂದು ಮಾವ ಕೂಗಿದರು. ಪಾರಿವಾಳಗಳು ಬಂದವು.

"ಹುಶ್! ನಿಮ್ಮನ್ನ ಯಾರು ಕರೆದ್ರು?" ಮಾವ ಟವೆಲ್ ಬೀಸಿದರು.

"ಪಾರಿವಾಳ ಆಗಲ್ವಾ ಮಾವ?" ಎಂದ ಅಣ್ಣ.

"ಅದು ಕಂಡೋರ ಮನೇದೆಲ್ಲ ತಿನ್ನುತ್ತೆ ಕಣೋ, ಲೆಕ್ಕಕ್ಕಿಲ್ಲ."

ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಆಂಟಿ, "ಲಗ್ಗೆರೆ ಕಡೆ ಕಾಗೆ ಜಾಸ್ತಿ ಸಾರ್, ಎಲೆ ಎತ್ಕೊಂಡು ಅಲ್ಲಿಗೇ ಹೋಗ್ಬಿಡಿ" ಎಂದರು. ಅಣ್ಣ ನಿಜವಾಗಿಯೂ ಜೇಬಿನಲ್ಲಿ ಸ್ಕೂಟರ್ ಕೀ ಹುಡುಕಿದ.

ನನಗೆ ಒಂದು ವಿಷಯ ಗೊತ್ತಿತ್ತು. ಅಮ್ಮನಿಗೆ ಒಂದು ಕಾಗೆ ರೂಢಿಯಾಗಿತ್ತು. ದಿನಾ ಕಾಫಿ ಕುಡಿದ ಮೇಲೆ ಖಾಲಿ ಲೋಟವನ್ನು ಮೋಟುಗೋಡೆಗೆ ಮೂರು ಸಲ ಟಣ್ ಟಣ್ ಎಂದು ಬಡಿಯುತ್ತಿದ್ದಳು. ಅದು ಎಲ್ಲಿದ್ದರೂ ಬಂದು ರಸ್ಕ್ ಚೂರು ಎತ್ತಿಕೊಂಡು ಹೋಗುತ್ತಿತ್ತು. ಲೋಟ ಬಡಿಯದೆ ಹತ್ತು ದಿನದ ಮೇಲಾಗಿತ್ತು. ಈಗಲೂ ಬರುತ್ತದೋ ಇಲ್ಲವೋ, ನೋಡೋಣ ಎಂದು ಲೋಟಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಮಾವ, "ಅಕ್ಕನ ಮನಸಲ್ಲಿ ಏನೋ ಉಳ್ಕೊಂಡಿದೆ. ಒಬ್ಬೊಬ್ಬರೇ ಬಂದು ಬಿಟ್ಟುಕೊಡೋದು ಏನಿದೆಯೋ ಬಿಟ್ಟುಕೊಡಿ" ಎಂದರು. ಅಣ್ಣ ಎಲೆಯ ಮುಂದೆ ಕೈಮುಗಿದು, "ಅಮ್ಮಾ, ಹಂಡೆ ವಾಪಸ್ ತಂದ್ಕೊಡ್ತೀನಿ" ಎಂದ.

ನಾನು ಬಡಿಯದೆ ಲೋಟದಿಂದ ಕೈ ತೆಗೆದೆ.

ಕಾಗೆ ಬರಲಿಲ್ಲ. "ಹಂಡೆ ಒಂದಕ್ಕೆಲ್ಲ ಬರ್ತಾಳೇನೋ ಅಮ್ಮ?" ಎಂದು ಅಕ್ಕ ಚುಚ್ಚಿದಳು.

"ಹಂಗಾದ್ರೆ ನೀನು ಹೇಳು, ಕೇಳೋಣ."

ಅಕ್ಕ ಸೆರಗು ಸರಿಮಾಡಿಕೊಂಡಳು. ಆಮೇಲೆ ಎಲೆಯನ್ನಷ್ಟೇ ನೋಡಿಕೊಂಡು, "ಅಮ್ಮಾ, ನಿನ್ನ ಓಲೆ ನನ್ನ ಬೀರುವಲ್ಲಿದೆ" ಎಂದಳು.

"ಏನಂದೆ?" ಅಣ್ಣ ಎಗರಿದ. "ಪಾಪ, ಆ ಆಯಾಗೆ ನಾವು ಏನೇನ್ ಅಂದ್ವಿ! ನೀನೇ ಎಲ್ಲರಿಗಿಂತ ಜೋರಾಗಿ ಬೈತಿದ್ಯಲ್ಲಕ್ಕ!"

"ನಾನು ಬೈಯದೇ ಹೋಗಿದ್ರೆ ನಿಮಗೆ ಅನುಮಾನ ಬರ್ತಿರ್ಲಿಲ್ವೇನೋ?"

ಮಾವ ಹಣೆ ಚಚ್ಚಿಕೊಂಡರು. "ಮುಟ್ತಾ?" ಎಂದು ಕೆಳಗಿನಿಂದ ಯಾರೋ ಕೂಗಿದರು. "ಇಲ್ಲಾ!" ಎಂದು ನಾಲ್ವರೂ ಒಟ್ಟಿಗೆ ಕೂಗಿದೆವು.

"ಈಗ ನೀನಮ್ಮ" ಎಂದರು ಮಾವ ನನಗೆ.

ಬಿಟ್ಟುಕೊಡಲು ನನ್ನ ಹತ್ತಿರ ಏನಿತ್ತು? ಎಷ್ಟು ಯೋಚಿಸಿದರೂ ಒಂದೇ ನೆನಪಾಯಿತು. "ಅಮ್ಮಾ, ಮಿಕ್ಸಿ ಜಾರ್ ಒಡೆದಿದ್ದು ಬೆಕ್ಕಲ್ಲ, ನಾನೇ" ಎಂದೆ.

ಮೊದಲು ನಕ್ಕಿದ್ದು ಅಕ್ಕ. ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ಮೂಗಿನಲ್ಲಿ ಕುದುರೆಯ ಹಾಗೆ ಸದ್ದು ಬಂತು. ಅಣ್ಣ ಮುಖ ತಿರುಗಿಸಿಕೊಂಡ, ಬೆನ್ನು ಕುಲುಕುತ್ತಿತ್ತು. "ಆ ಬೆಕ್ಕನ್ನ ಪೊರಕೆ ತಗೊಂಡು ಮಾಗಡಿ ರೋಡ್‌ವರೆಗೂ ಅಟ್ಟಿಸ್ಕೊಂಡ್ ಹೋಗಿದ್ಲಲ್ಲೇ ಅಮ್ಮ!" ಎಂದ. ಅಷ್ಟೇ, ನಾನು ಹೊಟ್ಟೆ ಹಿಡಿದುಕೊಂಡು ನೀರಿನ ಟ್ಯಾಂಕಿಗೆ ಒರಗಿ ಕುಳಿತುಬಿಟ್ಟೆ. ಹೆಣ ಎತ್ತಿದ ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ನಗುವಾಗಿ ಬಂತು, ಕಣ್ಣಲ್ಲಿ ನೀರಾಗಿಯೂ ಬಂತು. ಪಕ್ಕದ ತಾರಸಿಯ ಆಂಟಿ ನಾವು ಅಳುತ್ತಿದ್ದೇವೆ ಎಂದುಕೊಂಡು, "ಸಮಾಧಾನ ಮಾಡ್ಕೊಳ್ಳಿ ಮಕ್ಕಳೇ" ಎಂದರು. ಅದಕ್ಕೆ ಇನ್ನೂ ಹೆಚ್ಚಾಯಿತು.

"ನಗ್ರಿ, ನಗ್ರಿ. ನನಗೆ ಶುಗರ್ ಇಳೀತಾ ಇದೆ" ಎಂದರು ಮಾವ. "ಆ ಕಾಗೆ ಮುಟ್ಟೋ ಹೊತ್ತಿಗೆ ನನಗೂ ಒಂದು ಎಲೆ ಹಾಕ್ಬೇಕಾಗುತ್ತೆ."

ಬಿಸಿಲು ಏರಿತು. ಮುದ್ದೆ ಒಣಗಿ ಬಿರುಕು ಬಿಟ್ಟಿತು. ಲೋಟ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಕೆಳಗೆ ಮಕ್ಕಳು ಹಸಿವಿಗೆ ಅಳುತ್ತಿದ್ದವು, ಮಾವ ನಿಜಕ್ಕೂ ಬೆವರುತ್ತಿದ್ದರು. ಪಾಪ ಅನ್ನಿಸಿತು. ಆದರೂ ಬಡಿಯಲಿಲ್ಲ. ಅಷ್ಟು ಹಟ ನನ್ನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಅಣ್ಣ ಮತ್ತೆ ಎಲೆಯ ಮುಂದೆ ಬಂದ. ನಗು ಮುಗಿದಿತ್ತು. ಒಂದು ಸಲ ನನ್ನ ಕಡೆ ನೋಡಿದ.

"ಅಮ್ಮಾ, ಮನೆ ಮಾರಲ್ಲ. ಇವಳು ಇರೋವರೆಗೂ ಇಲ್ಲೇ ಇರ್ಲಿ."

ಅಕ್ಕ ಮೂಗು ಒರೆಸಿಕೊಂಡಳು. "ನಂದೂ ಅದೇ ಮಾತು ಅಮ್ಮಾ. ಇವಳನ್ನ ಎಬ್ಬಿಸಿ ಕಳಿಸಿದ್ರೆ ನಮಗೆ ತವರುಮನೆ ಅಂತ ಎಲ್ಲಿರುತ್ತೆ?"

ನಾನು ಎದ್ದೆ. ಕಾಫಿಯನ್ನು ಎಲೆಯ ಮೇಲೆ ಸುರಿದೆ, ರಸ್ಕ್ ಮುರಿದು ಇಟ್ಟೆ. ಲೋಟವನ್ನು ಪಕ್ಕಕ್ಕೆ ಇಡುವವಳ ಹಾಗೆ ಮೋಟುಗೋಡೆಗೆ ತಗುಲಿಸಿದೆ. ಟಣ್. ಟಣ್. ಟಣ್. ಬರದೇ ಹೋದರೆ?

ಎಲ್ಲಿಂದ ಬಂತೋ. ಕೇಬಲ್ ತಂತಿಯ ಮೇಲೆ ಕೂತು ಒಮ್ಮೆ ತೂಗಿತು, ಗೋಡೆಗೆ ಹಾರಿತು, ವಡೆ ಕಜ್ಜಾಯಗಳನ್ನು ಮೂಸಿಯೂ ನೋಡದೆ ಕಾಫಿಯಲ್ಲಿ ನೆಂದ ರಸ್ಕ್ ಕಚ್ಚಿತು. "ಅಕ್ಕಾ..." ಎಂದು ಮಾವ ಅಡ್ಡಬಿದ್ದರು. ನಾವೂ ಬಿದ್ದೆವು. ಎದ್ದಾಗ ಮಾವನ ಹಣೆಗೆಲ್ಲ ತಾರಸಿಯ ಮಣ್ಣು.

"ಮುಟ್ತು! ಎಲೆ ಹಾಕ್ರೋ!"

ಊಟದ ಪಂಕ್ತಿಯಲ್ಲೇ ಹೊಸ ಜಗಳ. ಕಾಗೆ ಬಂದಿದ್ದು ಓಲೆಗೆ ಎಂದು ಅಕ್ಕ, ಮನೆಗೆ ಎಂದು ಅಣ್ಣ. ಆ ಜಗಳ ಪಾಯಸ ಬರುವವರೆಗೆ ನಡೆಯಿತು. ಅಕ್ಕ ಆಯಾಳನ್ನು ಹುಡುಕಿಕೊಂಡು ಹೋಗಿ ಕಜ್ಜಾಯದ ಡಬ್ಬ ಕೊಟ್ಟು ಬಂದಳಂತೆ. ಯಾಕೆಂದು ಆಯಾಗೆ ಕೊನೆಗೂ ಗೊತ್ತಾಗಲಿಲ್ಲ. ಹಂಡೆ ಬಚ್ಚಲುಮನೆಗೆ ವಾಪಸ್ ಬಂತು. ಮೂರು ತಿಂಗಳಾದ ಮೇಲೆ ಅಣ್ಣ, ಅಕ್ಕ ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದರು. ನಾನಿರುವವರೆಗೂ ಮನೆ ನನ್ನದು.

ನನಗೆ ಮಾತ್ರ ಒಳಗೆ ಚುಚ್ಚುತ್ತಲೇ ಇತ್ತು. ಹೋದ ಭಾನುವಾರ ಅಣ್ಣ ಬಂದಿದ್ದಾಗ ತಾರಸಿಯಲ್ಲಿ ಕಾಫಿ ಕೊಟ್ಟು, "ಅಣ್ಣ, ಅವತ್ತು ಕಾಗೆ ತಾನಾಗೇ ಬರ್ಲಿಲ್ಲ" ಎಂದೆ.

"ಗೊತ್ತು ಕಣೇ. ಅಮ್ಮ ಲೋಟ ಬಡಿಯೋದು ನಾನು ಸ್ಕೂಲಿಗೆ ಹೋಗೋವಾಗಿನಿಂದ್ಲೂ ನೋಡಿದೀನಿ. ಕಾಗೆ ಬೇರೆ ಇರಬಹುದು, ಲೋಟ ಅದೇ ತಾನೇ? ಹಂಡೆ ಅಂದಾಗ ನಿನ್ನ ಕೈ ನೋಡಿದೆ, ಬಡೀಲಿಲ್ಲ. ಓಲೆ ಬಂತು, ಆಗ್ಲೂ ಬಡೀಲಿಲ್ಲ. ಇವಳಿಗೆ ಬೇಕಾಗಿರೋದು ಏನು ಅಂತ ಆವಾಗ ಹೊಳೀತು. ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತೇ ನಿನಗೆ?"

ನಾನು ರಸ್ಕ್ ಮುರಿದು ಗೋಡೆಯ ಮೇಲೆ ಇಟ್ಟೆ.

"ಅಕ್ಕಂಗೆ ಮಾತ್ರ ಹೇಳ್ಬೇಡ" ಎಂದ.

ಹದಿನೈದು ದಿನದ ಹಿಂದೆ ಅಕ್ಕನೂ ಇದೇ ತಾರಸಿಯಲ್ಲಿ ನಿಂತು, ಲೋಟದ ವಿಷಯ ನನಗೂ ಅವತ್ತೇ ಗೊತ್ತಿತ್ತು, ಅಣ್ಣಂಗೆ ಹೇಳ್ಬೇಡ ಎಂದಿದ್ದಳು. ಅದನ್ನು ನಾನು ಹೇಳಲಿಲ್ಲ.

ಅಣ್ಣ ಕಾಫಿ ಮುಗಿಸಿ ಅಮ್ಮನ ಲೋಟವನ್ನು ಗೋಡೆಗೆ ಬಡಿದ, ಮೂರು ಸಲ. ಕಾಗೆ ಬಂದು ಕತ್ತು ಓರೆ ಮಾಡಿ ಅವನನ್ನೇ ನೋಡುತ್ತಾ ಕೂತಿತು.

"ಇನ್ನೇನಮ್ಮಾ? ಬಿಟ್ಟುಕೊಡೋಕೆ ಇನ್ನೇನೂ ಉಳಿದಿಲ್ಲ ನನ್ನ ಹತ್ರ" ಎಂದು ಅಣ್ಣ ರಸ್ಕ್ ಚೂರು ಮುಂದಕ್ಕೆ ತಳ್ಳಿದ. "ಇದನ್ನ ತಗೊಂಡು ಹೋಗು."